ಸಕ್ರಪ್ಪನ ಅನುಭವ ಪತ್ರ

ಗದಗಿನ ಅಂದಾನಪ್ಪ ಸಾವ್ಕಾರರ ಪ್ರೆಸ್ಸಿನಲ್ಲಿ ಸಕ್ರಪ್ಪ ಇಪ್ಪತ್ತೆರಡು ವರ್ಷ ಆಫ್‌ಸೆಟ್ ಮಷಿನ್ ನಡೆಸಿದ. ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತಾರು, ಪ್ರೆಸ್ಸು ಮುಚ್ಚಿದ ದಿನ ನಲವತ್ತೆಂಟು. ಶಾಲೆಯ ಗೈಡು, ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಚುನಾವಣೆಯ ಕರಪತ್ರ, ಹೀಗೆ ಸುತ್ತಮುತ್ತಲಿನ ಜನ ಕೈಯಲ್ಲಿ ಹಿಡಿದ ಎಷ್ಟೋ ಕಾಗದಗಳು ಅವನ ಮಷಿನ್ನಿನಿಂದ ಹೊರಬಿದ್ದಿದ್ದವು. ಇಂಕು ಹೆಚ್ಚಾಯಿತೋ ನೀರು ಹೆಚ್ಚಾಯಿತೋ ಎಂಬುದನ್ನು ಅವನು ಕಾಗದ ನೋಡುವ ಮೊದಲೇ ರೋಲರುಗಳ ಸಪ್ಪಳ ಕೇಳಿ ಹೇಳುತ್ತಿದ್ದ.

ಮುಚ್ಚುವ ಸುದ್ದಿ ಬಂದದ್ದು ಜನವರಿಯಲ್ಲಿ, ಹೊಸ ವರ್ಷದ ಕ್ಯಾಲೆಂಡರುಗಳ ಕೊನೆಯ ಗಾಡಿ ಹೋದ ಮೇಲೆ. ಸಾವ್ಕಾರರಿಗೆ ವಯಸ್ಸಾಗಿ, ವ್ಯವಹಾರವೆಲ್ಲ ಮಗ ಮುತ್ತಣ್ಣನ ಕೈಗೆ ಬಂದು ಮೂರು ವರ್ಷವಾಗಿತ್ತು. ಮುತ್ತಣ್ಣ ಏಳೂ ಜನ ಕೆಲಸಗಾರರನ್ನು ಕರೆದು ನಿಲ್ಲಿಸಿಕೊಂಡು, ಲಗ್ನಪತ್ರಿಕೆ ಈಗ ಮೊಬೈಲಿನಲ್ಲೇ ಹೋಗುತ್ತದೆ, ಗೈಡಿನ ಆರ್ಡರುಗಳು ದೊಡ್ಡ ಊರಿನ ದೊಡ್ಡ ಮಷಿನ್ನುಗಳಿಗೆ ಹೋದವು, ಇನ್ನು ಪ್ರೆಸ್ಸು ನಡೆಸುವುದು ತನ್ನಿಂದಾಗದು ಎಂದ. ಆ ಜಾಗದಲ್ಲಿ ಅವನು ಟೈಲ್ಸ್ ಅಂಗಡಿ ಹಾಕುವವನಿದ್ದ. ಒಬ್ಬೊಬ್ಬರಿಗೂ ಒಂದು ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿದ. ಬೈಂಡಿಂಗ್ ನೋಡಿಕೊಳ್ಳುತ್ತಿದ್ದ ಅಬ್ದುಲಗನಿ ಆ ಫೋಟೊದಲ್ಲಿ ನಗಲಿಲ್ಲ. ಸಕ್ರಪ್ಪ ನಕ್ಕಿದ್ದ. ಆಮೇಲೆ ಆ ಫೋಟೊ ಕಣ್ಣಿಗೆ ಬಿದ್ದಾಗಲೆಲ್ಲ ತನ್ನ ಹಲ್ಲು ಕಂಡು ಅವನಿಗೇ ಸಿಟ್ಟು ಬರುತ್ತಿತ್ತು.

ಮೊದಲ ಹದಿನೈದು ದಿನ ಅವನಿಗೆ ಹೆದರಿಕೆ ಇರಲಿಲ್ಲ. ಗದಗಿನಲ್ಲಿ ಪ್ರೆಸ್ಸುಗಳಿಗೇನು ಕೊರತೆ, ತನ್ನ ಕೈಯ ಕೆಲಸ ಗೊತ್ತಿಲ್ಲದ ಮಾಲೀಕರು ಯಾರಿದ್ದಾರೆ ಎಂದುಕೊಂಡಿದ್ದ. ಒಂದೊಂದೇ ಬಾಗಿಲಿಗೆ ಹೋದ. ಎಲ್ಲರೂ ಕೂಡ್ರಿಸಿ ಚಹಾ ತರಿಸಿದರು. ಇಬ್ಬರು ತಮ್ಮ ಮಷಿನ್ನೂ ಮಾರಾಟಕ್ಕಿದೆ, ಯಾರಾದರೂ ತಗೊಳ್ಳುವವರಿದ್ದರೆ ಹೇಳು ಎಂದು ಅವನಿಗೇ ಹೇಳಿದರು. ಲಕ್ಷ್ಮೇಶ್ವರದಲ್ಲಿ ಅಣ್ಣತಮ್ಮಂದಿರಿಬ್ಬರು ನಡೆಸುವ ಪ್ರೆಸ್ಸಿಗೆ ಬಸ್ಸು ಹಿಡಿದು ಹೋದ. ಅವರಿಗೇ ವಾರದಲ್ಲಿ ಮೂರು ದಿನ ಕೆಲಸ. ಇಲೆಕ್ಷನ್ ಬಂದಾಗ ನೆನಪು ಮಾಡುತ್ತೇವೆ ಎಂದು ಹಿರಿಯವನು ಹೇಳಿದ. ಶಿರಹಟ್ಟಿಯಲ್ಲಿ ಒಬ್ಬ ಹುಡುಗ ಕಾರ್ಡು ಪ್ರಿಂಟಿಂಗ್ ಅಂಗಡಿ ಹೊಸದಾಗಿ ತೆರೆದಿದ್ದಾನೆಂದು ಕೇಳಿ ಅಲ್ಲಿಗೂ ಹೋದ. ಆ ಮಾಲೀಕ ಕುರ್ಚಿಯಿಂದ ಏಳದೆ, ಕಂಪ್ಯೂಟರಿನಲ್ಲಿ ಡಿಸೈನ್ ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದಾಗ, ಹಾಗಾದರೆ ಮನೆಮನೆಗೆ ಡೆಲಿವರಿ ಮಾಡುತ್ತೀರಾ, ನಿಮ್ಮ ಬಳಿ ಗಾಡಿ ಇದೆಯಾ ಎಂದ. ಸಕ್ರಪ್ಪ ಎದ್ದು ಬಂದ. ಬಸ್ಸಿನಲ್ಲಿ ಕೂತ ಮೇಲೆ ಹೇಳಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ಹೊಳೆದವು. ಗದಗ ಬರುವವರೆಗೂ ಆ ಮಾತುಗಳಲ್ಲೇ ಅವನನ್ನು ಬಾಯೊಳಗೆ ಬೈಯುತ್ತ ಬಂದ.

ಅವನ ಮನೆ ಬೆಟಗೇರಿಯಲ್ಲಿ. ಹೆಂಡತಿ ಸುಮಿತ್ರವ್ವ, ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ ಮಗಳು ಶಿವರಂಜನಿ. ಮಾರ್ಚಿ ಹೊತ್ತಿಗೆ ಮನೆಯಲ್ಲಿ ಕಾಳುಕಡಿ ಕಡಿಮೆಯಾದದ್ದು ಅವನಿಗೆ ಗೊತ್ತಿತ್ತು, ಆದರೆ ಅಡುಗೆ ಹೇಗೆ ನಡೆದಿದೆ ಎಂದು ಅವನು ಕೇಳಿರಲಿಲ್ಲ. ಒಂದು ಮಧ್ಯಾಹ್ನ ನೆರೆಮನೆಯವನು ಮಾತಿನ ನಡುವೆ, ನಿಮ್ಮ ಮನೆಯವರು ರೊಟ್ಟಿ ಬಡಿಯುವ ಖಾನಾವಳಿಯಲ್ಲಿ ಊಟ ಛಲೋ ಇರುತ್ತದೆ ಎಂದ. ಹದಿನೈದು ದಿನಗಳಿಂದ ಸುಮಿತ್ರವ್ವ ದಿನಾ ಬೆಳಿಗ್ಗೆ ಹೋಗಿ ಬರುತ್ತಿದ್ದಳು. ಗಂಡ ಕೆಲಸ ಹುಡುಕಲು ಹೊರಬಿದ್ದ ಮೇಲೆ ಹೊರಟು, ಅವನು ತಿರುಗಿ ಬರುವುದರೊಳಗೆ ಮನೆ ಸೇರುತ್ತಿದ್ದಳು.

ಅವಳು ಊಟಕ್ಕೆ ಬಡಿಸುವಾಗ ಸಕ್ರಪ್ಪ ಕೇಳಿದ: "ಮಂದಿಗೆ ರೊಟ್ಟಿ ಬಡಿಯಾಕ ಯಾರನ್ನ ಕೇಳಿ ಹೋಗಿದ್ದಿ?"

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ. ಅದಕ್ಕ ಕೇಳಲಿಲ್ಲ," ಎಂದು ಅವಳು ತಣ್ಣಗೆ ಹೇಳಿ ಪಲ್ಯ ಹಾಕಿದಳು.

ಅವನು ತಾಟನ್ನು ಎತ್ತಿ ಗೋಡೆಗೆ ಎಸೆದ. ಪಲ್ಯ ಗೋಡೆಯ ತುಂಬ ಸಿಡಿಯಿತು. ಒಳಗೆ ಓದುತ್ತಿದ್ದ ಶಿವರಂಜನಿ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅವಳು ಅಳಲಿಲ್ಲ, ಹೆದರಲೂ ಇಲ್ಲ.

"ಅಪ್ಪಾ, ಆ ಮುತ್ತಣ್ಣನ ಮ್ಯಾಲಿನ ಸಿಟ್ಟು ಅಲ್ಲೇ ಹೋಗಿ ತೀರಿಸ್ಕೊ. ಅವ್ವನ ಮುಂದ ಯಾಕ? ಅಲ್ಲಿ ಶಾಲು ಹೊಚ್ಚಿಸಿಕೊಂಡು ನಕ್ಕೋಂತ ನಿಂತಿದ್ದಿ."

ಮಗಳಿಗೆ ಹೊಡೆಯಲು ಕೈ ಎತ್ತಬಹುದೆಂದು ಅವನಿಗೇ ಭಯವಾಯಿತು. ಎದ್ದು ಒಂದು ಅರಿವೆ ತಂದು ಗೋಡೆ ಒರೆಸಿದ. ಸುಮಿತ್ರವ್ವ ಬೇರೆ ತಾಟಿನಲ್ಲಿ ರೊಟ್ಟಿ ಹಾಕಿಟ್ಟಳು. ಅವನು ಉಂಡ. ಮರುದಿನ ಬೆಳಿಗ್ಗೆ ಅವಳು ಅವನೆದುರಿಗೇ ಖಾನಾವಳಿಗೆ ಹೊರಟಳು.

ಅದೇ ವಾರ ಒಂದು ದಾರಿ ಕಂಡಿತು. ಊರ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಫ್ಯಾಕ್ಟರಿಯೊಂದಿತ್ತು. ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಲು ಒಬ್ಬ ಆಪರೇಟರ್ ಬೇಕಾಗಿದ್ದ. ಸಕ್ರಪ್ಪ ಹೋದ ದಿನವೇ ಅವನ ಕೈಗೆ ಮಷಿನ್ ಕೊಟ್ಟು ನೋಡಿದರು. ಅವನು ಎರಡು ತಿಂಗಳಿನಿಂದ ಇಂಕು ಮುಟ್ಟಿರಲಿಲ್ಲ. ಕೈಗೆ ಇಂಕಿನ ವಾಸನೆ ಹತ್ತಿದಾಗ ಜೀವ ಬಂದಂತಾಯಿತು. ಅರ್ಧ ತಾಸಿನಲ್ಲಿ ಫೋರ್‌ಮನ್ ಸಾಕೆಂದು ಹೇಳಿ ಆಫೀಸಿಗೆ ಕಳಿಸಿದ. ಅಲ್ಲಿ ಸುಶ್ಮಿತಾ ಎಂಬ ಹುಡುಗಿ ಕೆಲಸಕ್ಕೆ ತೆಗೆದುಕೊಳ್ಳುವವರ ಕಾಗದಪತ್ರ ನೋಡುತ್ತಿದ್ದಳು. ಆಧಾರ್ ತೆಗೆದುಕೊಂಡಳು, ಬ್ಯಾಂಕಿನ ಪಾಸ್‌ಬುಕ್ ತೆಗೆದುಕೊಂಡಳು. ಆಮೇಲೆ ಅನುಭವ ಪತ್ರ ಕೇಳಿದಳು.

ಅನುಭವ ತನ್ನ ಕೈಯಲ್ಲಿದೆ, ಈಗಷ್ಟೇ ನಿಮ್ಮ ಫೋರ್‌ಮನ್ ನೋಡಿದರಲ್ಲ ಎಂದು ಸಕ್ರಪ್ಪ ಹೇಳಿದ. ಅವಳು ನಗಲಿಲ್ಲ, ತಾತ್ಸಾರವನ್ನೂ ಮಾಡಲಿಲ್ಲ. "ನಾ ಒಪ್ಪತೀನ್ರಿ ಸರ್. ಆದ್ರ ನಮ್ಮ ಹೆಡ್ಡಾಫೀಸಿನವರು ನಿಮ್ಮ ಕೈ ನೋಡೂದಿಲ್ರಿ, ಕಾಗದಾ ನೋಡ್ತಾರ. ಹಳೇ ಮಾಲೀಕರ ಪತ್ರ ಇಲ್ಲಾ ಪಿಎಫ್ ನಂಬರ್, ಎರಡ್ರಾಗ ಒಂದು ತರ್ರಿ. ಎಂಟು ದಿನ ನಿಮ್ಮ ಹೆಸರು ಹಿಡದಿಟ್ಟಿರ್ತೀನಿ," ಎಂದಳು.

ಪಿಎಫ್ ಎಂಬುದು ಆ ಪ್ರೆಸ್ಸಿನಲ್ಲಿ ಯಾರಿಗೂ ಇರಲಿಲ್ಲ. ಪ್ರತಿ ತಿಂಗಳು ಸಾವ್ಕಾರರು ಪಗಾರವನ್ನು ಲಕೋಟೆಯಲ್ಲಿ ಹಾಕಿ ಕೈಗೆ ಕೊಡುತ್ತಿದ್ದರು. ಹಾಗಾಗಿ ಸಕ್ರಪ್ಪ ಅಲ್ಲಿಂದ ನೇರವಾಗಿ ಮುತ್ತಣ್ಣನ ಬಳಿ ಹೋದ. ಪ್ರೆಸ್ಸಿನ ಗೋಡೆ ಒಡೆದು ಗಾಜು ಕೂರಿಸುವ ಕೆಲಸ ನಡೆದಿತ್ತು. ಮುತ್ತಣ್ಣ ಸಂತೋಷದಿಂದಲೇ ಮಾತಾಡಿಸಿ, ಕಾಗದವೇನು ದೊಡ್ಡ ಮಾತು, ನಾಳೆ ಬನ್ನಿ ಎಂದ. ಮರುದಿನ ಅವನು ಇರಲಿಲ್ಲ. ಅದರ ಮರುದಿನ ಲೆಟರ್‌ಹೆಡ್ ಸಿಗಲಿಲ್ಲ. ನಾಲ್ಕನೆಯ ದಿನ ಮೊಹರಿನ ಶಿಕ್ಕಾ ಮನೆಯಲ್ಲಿತ್ತು. ಐದನೆಯ ದಿನ ಅವನು ಹುಬ್ಬಳ್ಳಿಗೆ ಹೋಗಿದ್ದ. ಸಕ್ರಪ್ಪ ಬಿಸಿಲಲ್ಲಿ ಬೆಟಗೇರಿಯಿಂದ ನಡೆದು ಬಂದು, ಗೌಂಡಿಗಳ ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕೂತು ಕಾದು, ತಿರುಗಿ ಹೋದ. ಏಳನೆಯ ದಿನ ಮುತ್ತಣ್ಣ ಸಿಕ್ಕ. ಮುಖದಲ್ಲಿ ಬೇಸರವಿತ್ತು.

"ಆಡಿಟರ್‌ನ ಕೇಳಿದೆ ಕಾಕಾ. ಬ್ಯಾಡಂದ್ರು. ರಜಿಸ್ಟರಿನ್ಯಾಗ ನಿಮ್ಮ ಹೆಸರ ಇಲ್ಲ. ಇಲ್ಲದ ಮನಿಷ್ಯಾಗ ನಾ ಹೆಂಗ ಪತ್ರ ಕೊಡ್ಲಿ?"

ಆ ಪ್ರೆಸ್ಸಿನ ಪುಸ್ತಕದಲ್ಲಿ ಇಬ್ಬರೇ ಕೆಲಸಗಾರರು ಇದ್ದರಂತೆ, ಇಬ್ಬರೂ ಸಾವ್ಕಾರರ ಸಂಬಂಧಿಕರಂತೆ. ಸಕ್ರಪ್ಪ ಸೇರಿ ಏಳೂ ಜನ ಕೆಲಸ ಇದ್ದಾಗ ಬಂದು ಹೋಗುವವರಂತೆ. ಇದನ್ನೆಲ್ಲ ಮುತ್ತಣ್ಣ ಕಾಯಿದೆ ಹೇಳುವವನ ಹಾಗೆ ನಿಧಾನವಾಗಿ ತಿಳಿಸಿ ಹೇಳಿದ. ಸಕ್ರಪ್ಪನಿಗೆ ಆಗ ಸಿಟ್ಟು ಕೂಡ ಬರಲಿಲ್ಲ. ಹೊರಗೆ ಬಂದ. ಸಿಟ್ಟು ಬಂದದ್ದು ದಾರಿಯಲ್ಲಿ. ಅದು ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ.

ಅಬ್ದುಲಗನಿ ಅವನಿಗಿಂತ ಹತ್ತು ವರ್ಷ ಹಿರಿಯ. ವಿಷಯ ಕೇಳಿ, ಇದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿ, ಪ್ರೆಸ್ಸಿನ ಹಳೆಯ ಬಿಲ್ಲು ನೋಡಿ ಯಾವ ಕಂಪ್ಯೂಟರ್ ಅಂಗಡಿಯವನೂ ಲೆಟರ್‌ಹೆಡ್ ಮಾಡಿಕೊಡುತ್ತಾನೆ, ಒಂದು ಶಿಕ್ಕಾ ಮಾಡಿಸು, ಸಹಿ ನಾನೇ ಗೀಚುತ್ತೇನೆ ಎಂದ. ಸಕ್ರಪ್ಪನಿಗೆ ಅದು ತಿಳಿಯದ ವಿದ್ಯೆಯೇನಲ್ಲ.

"ಖರೆ ಮಾಡಿದ ಕೆಲಸಕ್ಕ ಸುಳ್ಳ ಕಾಗದಾ ಯಾಕ ಮಾಡಿಸ್ಲಿ ಗನಿಭಾಯ್?" ಎಂದ.

ಎಂಟನೆಯ ದಿನ ಕಳೆಯಿತು. ಒಂಬತ್ತನೆಯ ದಿನ ಫ್ಯಾಕ್ಟರಿಯಲ್ಲಿ ಬೇರೆಯವನನ್ನು ತೆಗೆದುಕೊಂಡರು. ಸುಶ್ಮಿತಾ ತಾನೇ ಫೋನ್ ಮಾಡಿ ತಿಳಿಸಿದಳು. ಆ ಸೌಜನ್ಯವೂ ಅವನಿಗೆ ಉರಿಯಿತು.

ಏಪ್ರಿಲ್ ಮೊದಲ ವಾರದಲ್ಲಿ ಮುಂಡರಗಿಯಿಂದ ಒಂದು ಫೋನ್ ಬಂತು. ಮೊಹಸಿನ ಎಂಬವನು. ಝೆರಾಕ್ಸು ಮತ್ತು ಫ್ಲೆಕ್ಸಿನ ಅಂಗಡಿ ಇಟ್ಟುಕೊಂಡಿದ್ದು, ಈಗ ಆಫ್‌ಸೆಟ್ ಮಷಿನ್ ಹಾಕಿದ್ದಾನಂತೆ. ಮಷಿನ್ ಬಂದು ಎರಡು ವಾರವಾಯಿತು, ನೀವು ಯಾವಾಗ ಬರುತ್ತೀರಿ ಎಂದು ಕೇಳಿದ. ತನ್ನ ಹೆಸರು ಯಾರು ಹೇಳಿದರೋ, ಅಂತೂ ಕೆಲಸಕ್ಕೆ ಕರೆದರು ಎಂದು ಸಕ್ರಪ್ಪನಿಗೆ ಹಿಗ್ಗಾಯಿತು. ಸುಮಿತ್ರವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಬೆಳಗಿನ ಬಸ್ಸಿಗೆ ಹೊರಟ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಎಷ್ಟೋ ದಿನದ ಮೇಲೆ ಅವನು ಕಿಟಕಿಯಿಂದ ಹೊರಗೆ ನೋಡಿದ.

ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತಿದ್ದದ್ದು ಅವನದೇ ಮಷಿನ್. ಹಿಡಿಕೆಯ ಬಣ್ಣ ಅವನ ಅಂಗೈ ಸವೆಸಿದ ಜಾಗದಲ್ಲೇ ಹೋಗಿತ್ತು. ಮೊಹಸಿನ ಮೂವತ್ತೈದರ ಆಳು, ಅವನ ಹೆಂಡತಿ ನೂರೀನ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವಳು. ಇಬ್ಬರೂ ಮೊಬೈಲಿನಲ್ಲಿ ವಿಡಿಯೊ ನೋಡಿ ನಡೆಸಲು ಹೋಗಿ ಸೋತಿದ್ದರು. ಒಂದರ ಬದಲು ಎರಡೆರಡು ಹಾಳೆ ಒಳಗೆ ಹೋಗುತ್ತಿದ್ದವು, ಅಕ್ಷರ ಮಸಿ ಬಳಿದಂತೆ ಬರುತ್ತಿತ್ತು. ಮೂಲೆಯಲ್ಲಿ ಹಾಳಾದ ಕಾಗದದ ರಾಶಿಯೇ ಬಿದ್ದಿತ್ತು. ಸಕ್ರಪ್ಪ ಅಂಗಿ ಕಳಚಿ ಬನಿಯನ್ನಿನಲ್ಲಿ ನಿಂತ. ರೋಲರುಗಳನ್ನು ತೊಳೆದ, ನೀರಿನ ಅಳತೆ ತಗ್ಗಿಸಿದ, ಹಾಳೆ ಎತ್ತುವ ಕಡೆ ಬಿಗಿ ಸರಿಮಾಡಿದ. ಎರಡು ತಾಸು ಹಿಡಿಯಿತು. ಆಮೇಲೆ ಒಂದು ಶಾಲೆಯ ಪ್ರಶ್ನೆಪತ್ರಿಕೆ ಹೊರಬಂತು, ಕಪ್ಪಗೆ, ಅಂಚು ನೇರವಾಗಿ. ನೂರೀನ ಅದನ್ನು ಬೆಳಕಿಗೆ ಹಿಡಿದು ನೋಡಿ, ಹಿಂಗ ಬರತಿತ್ತೇನಿದು ಎಂದಳು.

ಕೈ ಒರೆಸಿಕೊಳ್ಳುತ್ತ ಸಕ್ರಪ್ಪ ಪಗಾರದ ಮಾತೆತ್ತಿದ. ಮೊಹಸಿನ ಅವನನ್ನು ವಿಚಿತ್ರವಾಗಿ ನೋಡಿದ.

"ಪಗಾರ ಯಾತರದು ಕಾಕಾ? ಹದಿನೈದ ದಿನಾ ಫ್ರೀ ಕಲಿಸಿ ಕೊಡತಾರಂತ ಮಾತಾಗೇತಲ್ಲ. ಅದನ್ನೂ ಹಿಡದ ನಾ ಮಷಿನ್ನಿನ ರೊಕ್ಕಾ ಕೊಟ್ಟೀನಿ."

ಯಾರ ಜೊತೆ ಮಾತಾಗಿದೆ ಎಂದು ಸಕ್ರಪ್ಪ ಕೇಳಿದ. ಮೊಹಸಿನನ ದನಿಯೂ ಏರಿತು. ತಾನು ಸುಳ್ಳು ಹೇಳುತ್ತಿಲ್ಲ ಎಂದು ಒಳಗೆ ಹೋಗಿ ಫೈಲು ತಂದ. ಅದರಲ್ಲಿ ಪ್ರೆಸ್ಸಿನ ಲೆಟರ್‌ಹೆಡ್ ಮೇಲೆ ಮಾರಾಟದ ಪತ್ರವಿತ್ತು. ಆ ಲೆಟರ್‌ಹೆಡ್ಡನ್ನು ಅಚ್ಚು ಹಾಕಿದವನು ಸಕ್ರಪ್ಪನೇ. ಮಷಿನ್ನಿನ ನಂಬರು, ಬಿಡಿಭಾಗಗಳ ಪಟ್ಟಿ, ಕೆಳಗೆ ಒಂದು ಸಾಲು: "ನಮ್ಮ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಖಾಯಂ ಆಗಿ ಸೇವೆ ಸಲ್ಲಿಸಿದ ಅನುಭವಿ ಆಪರೇಟರ್ ಶ್ರೀ ಸಕ್ರಪ್ಪ ಇವರು ಹದಿನೈದು ದಿನ ತಮ್ಮಲ್ಲಿಗೆ ಬಂದು ಉಚಿತವಾಗಿ ತರಬೇತಿ ನೀಡುವರು." ಕೆಳಗೆ ಮುತ್ತಣ್ಣನ ಸಹಿ, ದುಂಡನೆಯ ಶಿಕ್ಕಾ. ತಾರೀಖು ನೋಡಿದ. ರಜಿಸ್ಟರಿನಲ್ಲಿ ಹೆಸರಿಲ್ಲ ಎಂದು ಮುತ್ತಣ್ಣ ಹೇಳಿದ್ದಕ್ಕಿಂತ ನಾಲ್ಕು ದಿನ ಹಿಂದಿನದು.

ಅಂದರೆ ತಾನು ಗೌಂಡಿಗಳ ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕೂತು ಕಾದ ದಿನಗಳಲ್ಲೇ ಆ ಲೆಟರ್‌ಹೆಡ್ ಸಿಕ್ಕಿತ್ತು, ಆ ಶಿಕ್ಕಾ ಸಿಕ್ಕಿತ್ತು, ಆ ಇಪ್ಪತ್ತೆರಡು ವರ್ಷವೂ ಸಿಕ್ಕಿತ್ತು. ಸಕ್ರಪ್ಪ ಹೋಗಿ ಮಷಿನ್ ಬಂದ್ ಮಾಡಿದ. ತಾನು ಸರಿಮಾಡಿದ್ದನ್ನೆಲ್ಲ ಮೊದಲಿದ್ದ ಹಾಗೇ ಕೆಡಿಸಿ ಹೋಗಬೇಕೆಂದು ಸ್ಪ್ಯಾನರು ಹಿಡಿದು ಒಂದು ಬೋಲ್ಟು ಸಡಿಲಿಸಿಯೂಬಿಟ್ಟ.

"ಕಾಕಾ," ಎಂದಳು ನೂರೀನ, "ನಿಮ್ಮನ್ನ ಕೇಳಲಾರದ ಬರದಾರ ಅಂತ ನಮಗೇನ ಗೊತ್ತಿತ್ರಿ?"

ಅವನ ಕೈ ನಿಂತಿತು. ಆ ಬೋಲ್ಟನ್ನು ಬಿಗಿದು, ಅಂಗಿ ಹಾಕಿಕೊಂಡು, ಆ ಪತ್ರದ ಒಂದು ಝೆರಾಕ್ಸು ಬೇಕೆಂದು ಕೇಳಿದ. ಮೊಹಸಿನನಿಗೆ ಮನಸ್ಸಿರಲಿಲ್ಲ, ಇದೆಲ್ಲ ತನ್ನ ಕೊರಳಿಗೆ ಬರಬಾರದು ಎಂದ. ನೂರೀನ ಗಂಡನ ಕೈಯಿಂದ ಫೈಲು ತೆಗೆದುಕೊಂಡು ಮೂರು ಪ್ರತಿ ಮಾಡಿ ಕೊಟ್ಟಳು.

ಮಧ್ಯಾಹ್ನ ಗದಗಿನಲ್ಲಿ ಇಳಿದವನೇ ಸಕ್ರಪ್ಪ ಟೈಲ್ಸ್ ಅಂಗಡಿಗೆ ಹೋದ. ಅಂಗಡಿ ಶುರುವಾಗಿ ವಾರವಾಗಿತ್ತು. ಗಂಡಹೆಂಡತಿ ಇಬ್ಬರು ಬಚ್ಚಲಮನೆಗೆ ಟೈಲ್ಸ್ ಆರಿಸುತ್ತಿದ್ದರು. ಬಾಗಿಲ ಬಳಿ ಕುರ್ಚಿಯಲ್ಲಿ ಅಂದಾನಪ್ಪ ಸಾವ್ಕಾರರು ಕೋಲು ಹಿಡಿದು ಕೂತಿದ್ದರು. ಅವನನ್ನು ಕಂಡು, ಬಾ ಸಕ್ರಪ್ಪ ಎಂದರು. ಅವನು ಅವರನ್ನು ದಾಟಿ ಒಳಗೆ ಹೋಗಿ ಮುತ್ತಣ್ಣನ ಮುಂದಿನ ಮೇಜಿನ ಮೇಲೆ ಝೆರಾಕ್ಸು ಇಟ್ಟ.

"ಸಣ್ಣ ಸಾವ್ಕಾರ್ರ, ರಜಿಸ್ಟರಿನ್ಯಾಗ ಇಲ್ಲದ ಮನಿಷ್ಯಾನ್ನ ಮುಂಡರಗಿಗೆ ಹೆಂಗ ಕಳಿಸಿದ್ರಿ?"

ಮುತ್ತಣ್ಣ ಓದಿದ. ಗಿರಾಕಿಗಳ ಕಡೆ ಒಮ್ಮೆ ನೋಡಿ, ಒಳಗಿನ ಕೋಣೆಯಲ್ಲಿ ಕೂತು ಮಾತಾಡೋಣ ಎಂದ. ಸಕ್ರಪ್ಪ ಕದಲಲಿಲ್ಲ. ಆಗ ಮುತ್ತಣ್ಣ ದನಿ ತಗ್ಗಿಸಿ, "ಮಷಿನ್ ಮಾರೂಮುಂದ ಹಂಗ ಬರೀತಾರ ಕಾಕಾ. ಹದಿನೈದ ದಿನದ ಮಾತು. ಹೆಂಗೂ ಖಾಲಿ ಅದೀರಿ, ನಿಮಗೂ ಹೊತ್ತು ಹೋಗತಿತ್ತು," ಎಂದ.

ಅಷ್ಟು ವರ್ಷ ಸಕ್ರಪ್ಪ ಆ ಮನೆಯ ಚಿಕ್ಕ ಮಕ್ಕಳಿಗೂ 'ರಿ' ಹಚ್ಚಿ ಮಾತಾಡಿದವನು. ಈಗ ಅದು ನಾಲಿಗೆಯಿಂದ ಬಿದ್ದುಹೋಯಿತು.

"ನನ್ನ ಒಂದ ಮಾತು ಕೇಳಿದಿಯೇನು? ಮಷಿನ್ ಜೋಡಿ ನನ್ನೂ ಮಾರಿದಿ. ರೋಲರು, ಸ್ಪ್ಯಾನರು, ಸಕ್ರಪ್ಪ. ನನ್ನ ಹೊಟ್ಟಿಗೆ ಒಂದ ಸಾಲು ಬರೀ ಅಂದ್ರ ಆಡಿಟರ್ ಬ್ಯಾಡಂದ. ನಿನ್ನ ಗಲ್ಲಾಪೆಟ್ಟಿಗಿಗೆ ಬರ್ಯಾಕ ಆಗ ಯಾವ ಆಡಿಟರ್ ಹೂಂ ಅಂದ?"

ಟೈಲ್ಸ್ ನೋಡುತ್ತಿದ್ದವರು ನೋಡುವುದನ್ನು ಬಿಟ್ಟಿದ್ದರು. ಹಿಂದಿನಿಂದ ಸಾವ್ಕಾರರು, "ಮುತ್ತೂ, ಅವಗೊಂದ ಕಾಗದಾ ಬರದು ಕೊಡಪಾ. ಸಕ್ರಪ್ಪ ನಮ್ಮ ಮನಿ ಮನಿಷ್ಯಾ," ಎಂದರು. ಅವರ ದನಿಯಲ್ಲಿ ಮರುಕವಿತ್ತು. ಸಕ್ರಪ್ಪ ತಿರುಗಿದ. ಈ ಮುದುಕರ ಮೇಲೆ ತನಗೆ ಸಿಟ್ಟಿದೆ ಎಂದು ಆ ಗಳಿಗೆಯವರೆಗೆ ಅವನಿಗೆ ಗೊತ್ತಿರಲಿಲ್ಲ. ಪ್ರತಿ ದೀಪಾವಳಿಗೆ ಅವರ ಮನೆಯಲ್ಲಿ ಉಂಡಿದ್ದ, ಮಗಳ ಹೆಸರನ್ನು ಅವರನ್ನು ಕೇಳಿ ಇಟ್ಟಿದ್ದ.

"ಮನಿ ಮನಿಷ್ಯಾ ಅಂತ ಹೇಳೇ ನೀವು ನನ್ನ ಹೆಸರು ಬರೀಲಿಲ್ರಿ. ಪಿಎಫ್ ಕೇಳಿದಾಗ, ಮನಿ ಮನಿಷ್ಯಾಗ ಅದೆಲ್ಲಾ ಯಾಕೋ ಅಂದ್ರಿ. ನಾನೂ ಹಿಗ್ಗಿ ಸುಮ್ನಾದೆ. ಇಂವಾ ಬ್ಯಾರೆ ಎಲ್ಲೂ ಕಲತಿಲ್ಲ, ನಿಮ್ಮ ಕಡೇನ ಕಲತಾನ."

ಸಾವ್ಕಾರರು ಕೋಲಿನ ತುದಿ ನೋಡುತ್ತ ಕೂತರು. ಗಂಡಹೆಂಡತಿ ಇಬ್ಬರೂ ಮೆಲ್ಲಗೆ ಹೊರಗೆ ಹೋದರು. ಗಿರಾಕಿ ಹೋದದ್ದು ನೋಡಿ ಮುತ್ತಣ್ಣನ ತಾಳ್ಮೆ ತಪ್ಪಿತು. ಝೆರಾಕ್ಸನ್ನು ಹರಿದು ಕೆಳಗೆ ಹಾಕಿ, ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ ಎಂದ. ಸಕ್ರಪ್ಪ ಹೊರಗೆ ಬಂದ. ಎದುರಿನ ಚಹಾದಂಗಡಿಯಲ್ಲಿ ನೀರು ಕೇಳಿ ಕುಡಿದ. ಅಂದದ್ದು ಅಂದಾಯಿತು ಎಂಬ ಸಮಾಧಾನವೇನೂ ಆಗಲಿಲ್ಲ. ಇನ್ನೂ ಅನ್ನಬೇಕಾಗಿತ್ತು ಎನಿಸುತ್ತಿತ್ತು.

ಅಂದು ಸಂಜೆ ಅವನು ಹೇಳುತ್ತ ಹೋದ, ಶಿವರಂಜನಿ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಳು. ಅವನು ಹೇಳಿದ್ದರಲ್ಲಿ ಅರ್ಧ ಬೈಗುಳವೇ ಇದ್ದುದರಿಂದ ಮೊದಲ ಎರಡು ಹಾಳೆ ಹರಿದು ಹಾಕಬೇಕಾಯಿತು. ಮೂರನೆಯದರಲ್ಲಿ ಮಗಳು ತನಗೆ ಬೇಕಾದಷ್ಟನ್ನೇ ಬರೆದು ಓದಿ ಹೇಳಿದಳು: ಎಷ್ಟು ವರ್ಷ, ಯಾವ ಕೆಲಸ, ಏನು ಕೊಟ್ಟಿಲ್ಲ, ಪುರಾವೆ ಏನು. ಸುಮಿತ್ರವ್ವ ಕೇಳಿಸಿಕೊಂಡು, ಇನ್ನು ಗದಗಿನಲ್ಲಿ ನಿಮಗೆ ಯಾರೂ ಕೆಲಸ ಕೊಡುವುದಿಲ್ಲ, ಅದು ಗೊತ್ತಿರಲಿ ಎಂದಳು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಅವಳು ಹೇಳಿದಂತೆಯೇ ಆಯಿತು. ಅರ್ಜಿಯ ಖಬರು ಪ್ರೆಸ್ಸುಗಳಲ್ಲಿ ಹರಡಿತು. ಮೊದಲು ಚಹಾ ತರಿಸಿದವರು ಈಗ ಅವನನ್ನು ಕಂಡರೆ ಫೋನ್ ಕಿವಿಗೆ ಹಿಡಿದು ಒಳಗೆ ಹೋಗುತ್ತಿದ್ದರು. ಒಬ್ಬ ಮಾಲೀಕ ಬಾಯಿಬಿಟ್ಟೇ ಹೇಳಿದ: ನಿನ್ನನ್ನು ಇಟ್ಟುಕೊಂಡರೆ ನಾಳೆ ನನ್ನ ಮೇಲೂ ಅರ್ಜಿ ಹಾಕುತ್ತಿ. ರಜಿಸ್ಟರಿನಲ್ಲಿ ನನ್ನ ಹೆಸರು ಬರೆದಿಡು, ಅರ್ಜಿ ಹಾಕುವುದಿಲ್ಲ ಎಂದು ಸಕ್ರಪ್ಪ ಹೇಳಿ ಬಂದ. ಮನೆಯಲ್ಲಿ ಈಗ ಅವನೇ ಒಲೆ ಹಚ್ಚಿ ಅನ್ನಕ್ಕಿಡುತ್ತಿದ್ದ. ಸುಮಿತ್ರವ್ವ ಖಾನಾವಳಿಯಿಂದ ಬರುವ ಹೊತ್ತಿಗೆ ಅವಳ ಬೆನ್ನು ನೆಟ್ಟಗಾಗುತ್ತಿರಲಿಲ್ಲ.

ಮೇ ತಿಂಗಳ ನಡುವೆ ನೂರೀನ ಫೋನ್ ಮಾಡಿದಳು. ಶಾಲೆಗಳು ಶುರುವಾಗುವ ಮೊದಲು ನಾಲ್ಕಾರು ಕಡೆಯಿಂದ ಡೈರಿ, ರಸೀದಿ ಪುಸ್ತಕದ ಆರ್ಡರು ಬಂದಿದ್ದವು. ಒಬ್ಬನನ್ನು ತಂದು ನೋಡಿದ್ದರು. ಅವನು ಎರಡು ರೀಮು ಕಾಗದ ಕೆಡಿಸಿ ಹೇಳದೆ ಹೋಗಿದ್ದ. ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದಳು. ಗದಗಿನಲ್ಲಿ ಸಿಗುತ್ತಿದ್ದುದಕ್ಕಿಂತ ಕಡಿಮೆ ಪಗಾರ ಹೇಳಿದಳು, ಬಸ್ಸಿನ ಪಾಸು ತಾವು ಕೊಡಿಸುತ್ತೇವೆ ಎಂದಳು. ಬರುತ್ತೇನೆ ಎಂದು ಅವನ ಬಾಯಿಗೆ ಬಂದೇ ಬಿಟ್ಟಿತ್ತು. ತಡೆದುಕೊಂಡ.

"ಹೆಸರು ರಜಿಸ್ಟರಿನ್ಯಾಗ ಬರೀತೀರೇನವಾ? ಕೆಲಸಕ್ಕ ತಗೊಂಡೀವಿ ಅಂತ ಕಾಗದಾ ಮೊದಲ ಕೊಡ್ರಿ, ಆಮ್ಯಾಗ ಮಷಿನ್ ಮುಟ್ಟತೀನಿ."

ಆ ಕಡೆಯಿಂದ ಮೊಹಸಿನ ನಗುವುದು ಕೇಳಿಸಿತು. ನಮ್ಮದೇನು ದೊಡ್ಡ ಕಂಪನಿಯೇ, ರಜಿಸ್ಟರು ಎಲ್ಲಿಂದ ತರಲಿ ಎನ್ನುತ್ತಿದ್ದ. ನೂರೀನ ಅವನಿಗೆ ಏನೋ ಹೇಳಿದಳು. ಎರಡು ದಿನ ಬಿಟ್ಟು ಸಕ್ರಪ್ಪ ಮುಂಡರಗಿಗೆ ಹೋದಾಗ ಕಾಗದ ಟೈಪಾಗಿ ಸಹಿಯಾಗಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ಪೇಟೆಯಿಂದ ತಂದ ಹೊಸ ಹಾಜರಿ ಪುಸ್ತಕ, ಅದರ ಮೊದಲ ಪುಟದಲ್ಲಿ ಅವನದೊಂದೇ ಹೆಸರು. ಅವನು ಕಾಗದವನ್ನು ಎರಡು ಸಲ ಓದಿದ. ಅದರಲ್ಲಿ ಅವನ ಅಪ್ಪನ ಹೆಸರು ತಪ್ಪಾಗಿತ್ತು. ಅದನ್ನು ತಿದ್ದಿಸಿದ ಮೇಲೆಯೇ ಅಂಗಿ ಕಳಚಿದ.

ಕಾರ್ಮಿಕ ಇಲಾಖೆಯ ವಿಚಾರಣೆಯ ಮೊದಲ ತಾರೀಖಿಗೆ ಮುತ್ತಣ್ಣ ಬರಲಿಲ್ಲ. ಎರಡನೆಯ ತಾರೀಖು ಜುಲೈಯಲ್ಲಿತ್ತು. ಅಷ್ಟರಲ್ಲಿ ಅಬ್ದುಲಗನಿ, ಹಾಳೆ ಮಡಿಚುತ್ತಿದ್ದ ಮೋತಿಬಿ, ಇನ್ನೂ ಇಬ್ಬರು ತಾವೂ ಹೆಸರು ಹಾಕುತ್ತೇವೆಂದು ಬಂದು ಸೇರಿದ್ದರು. ಅವರ ಬಳಿ ಶಾಲು ಹೊದಿಸಿದ ಫೋಟೊ ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ. ಸಕ್ರಪ್ಪ ಒಂದು ದಿನದ ರಜೆ ಕೇಳಿದಾಗ ಮೊಹಸಿನ ಗೊಣಗಿದ, ಆದರೂ ಬಿಟ್ಟ.

ಮುತ್ತಣ್ಣ ವಕೀಲರನ್ನು ಕರೆದುಕೊಂಡು ಬಂದಿದ್ದ. ಪತ್ರದಲ್ಲಿರುವುದು ವ್ಯಾಪಾರದ ಮಾತು, ಮಷಿನ್ನಿಗೆ ಬೆಲೆ ಬರಲಿ ಎಂದು ಬರೆದದ್ದು, ಈತ ಆಗಾಗ ಬಂದು ಕೈನೆರವು ಕೊಡುತ್ತಿದ್ದವನು ಎಂದು ವಕೀಲರು ಹೇಳಿದರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಮುಂದಿನ ತಾರೀಖು ಕೊಟ್ಟರು. ಹೊರಗಿನ ವರಾಂಡದಲ್ಲಿ ಮುತ್ತಣ್ಣ ಸಕ್ರಪ್ಪನನ್ನು ಪಕ್ಕಕ್ಕೆ ಕರೆದ. ಅರ್ಜಿ ಹಿಂದಕ್ಕೆ ತಗೊಂಡರೆ ಇವತ್ತೇ ಅನುಭವ ಪತ್ರ ಕೊಡುತ್ತೇನೆ, ಮೇಲೆ ಏನಾದರೂ ಕೈಗಿಡುತ್ತೇನೆ ಎಂದ. ಪತ್ರ ಆಗಲೇ ಟೈಪು ಮಾಡಿಸಿಕೊಂಡು ತಂದಿದ್ದ. ಸಕ್ರಪ್ಪ ತೆಗೆದುಕೊಂಡು ಓದಿದ. ತಪ್ಪಿಲ್ಲದ ಒಳ್ಳೆಯ ಕನ್ನಡದಲ್ಲಿ ಅವನ ಪ್ರಾಮಾಣಿಕತೆಯನ್ನು ಹೊಗಳಿ ಬರೆದಿತ್ತು.

"ಏಳೂ ಮಂದಿಗೆ ಬರಿ. ಆವಾಗ ಮಾತಾಡೂಣು," ಎಂದು ಅದನ್ನು ತಿರುಗಿ ಅವನ ಕೈಗಿಟ್ಟ.

ಮುತ್ತಣ್ಣ ನಕ್ಕು ಕಾರಿನ ಕಡೆ ನಡೆದ.

ಮಳೆ ಹನಿಯುತ್ತಿತ್ತು. ವರಾಂಡದ ಮಾತು ಅಬ್ದುಲಗನಿಯ ಕಿವಿಗೂ ಅರ್ಧಂಬರ್ಧ ಬಿದ್ದಿತ್ತು. ಅವನು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದ. ಮುಂಡರಗಿ ಬಸ್ಸು ನಿಲ್ಲುವಲ್ಲಿ ಬಂದು ನಿಂತ ಮೇಲೆ ಕೇಳಿದ: "ಏನೋ ಕೊಡತೀನಂದ್ನಲ್ಲ. ಬರೇ ನಿನಗ ಅಂದ್ನೋ, ನಮಗೂ ಅಂದ್ನೋ?"

ತನಗೆ ಮಾತ್ರ ಅಂದ, ಅದಕ್ಕೇ ಬೇಡ ಎಂದೆ ಎಂದು ಸಕ್ರಪ್ಪ ಹೇಳಿದ.

"ನಮ್ಮನ್ನೊಂದ ಮಾತು ಕೇಳಬೇಕಿತ್ತು ನೀನು," ಎಂದ ಅಬ್ದುಲಗನಿ. "ನಿನಗ ಪಗಾರ ಬರಾಕತ್ತೇತಿ, ನೀ ಸಿಟ್ಟು ಮಾಡಬಹುದು. ನಾನು, ಮೋತಿಬಿ ಇನ್ನೆಷ್ಟ ದಿನಾ ಮಾಡೂದು? ನಿನ್ನ ಪತ್ರ ನೀ ತಗೊಂಡು, ಹೆಂಗಾರ ಮಾಡಿ ನಮಗೂ ಒಂದೀಟು ಕೊಡಸ್ತಿದ್ಯೋ ಏನೋ."

ಸಕ್ರಪ್ಪನಿಗೆ ರೇಗಿತು. ತಾನು ಯಾರಿಗಾಗಿ ಬೇಡವೆಂದೆನೋ ಅವರೇ ಹೀಗೆನ್ನುತ್ತಾರಲ್ಲ ಎನಿಸಿತು. ಬಾಯಿ ತೆರೆದವನು ಅಬ್ದುಲಗನಿಯ ಚಪ್ಪಲಿ ನೋಡಿದ. ಒಂದರ ಪಟ್ಟಿ ತಂತಿಯಿಂದ ಬಿಗಿದಿತ್ತು. ತಪ್ಪಾಯಿತು, ಇನ್ನು ಮುಂದೆ ಎಲ್ಲರನ್ನೂ ಕೇಳದೆ ಏನೂ ಹೇಳುವುದಿಲ್ಲ ಎಂದ. ಆ ಮಾತು ಅಷ್ಟು ಸುಲಭವಾಗಿ ಹೊರಬರಲಿಲ್ಲ. ಅಬ್ದುಲಗನಿ ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಬಸ್ಸು ಬಂತು. ಅರ್ಧ ದಿನದ ಕೆಲಸವಾದರೂ ಮಾಡಬಹುದೆಂದು ಸಕ್ರಪ್ಪ ಹತ್ತಿದ. ಜನ ತುಂಬಿದ್ದರು, ನಿಂತೇ ಹೋಗಬೇಕಾಯಿತು. ಡಂಬಳ ದಾಟುವವರೆಗೂ ಅವನ ತಲೆಯಲ್ಲಿ ಮುತ್ತಣ್ಣನ ನಗು, ಅಬ್ದುಲಗನಿಯ ಮಾತು ಎರಡೂ ತಿರುಗುತ್ತಿದ್ದವು. ಎರಡರ ಮೇಲೂ ಸಿಟ್ಟಿತ್ತು, ತನ್ನ ಮೇಲೂ ಇತ್ತು. ಮುಂದಿನ ತಾರೀಖಿಗೆ ಅರ್ಜಿಗೆ ಸೇರಿದ ನಾಲ್ಕೂ ಜನರನ್ನು ಮೊದಲೇ ಮನೆಗೆ ಕರೆದು ಕೂಡ್ರಿಸಿ ಮಾತಾಡಬೇಕು, ಬಾರದೆ ಉಳಿದ ಇನ್ನಿಬ್ಬರನ್ನೂ ಹುಡುಕಿ ಕೇಳಬೇಕು ಎಂದುಕೊಂಡ. ಒಬ್ಬ ಹೊಂಬಳದವನು, ಇನ್ನೊಬ್ಬ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಅವನ ಫೋನ್ ನಂಬರು ಯಾರ ಬಳಿ ಇದ್ದೀತೆಂದು ಯೋಚಿಸುತ್ತಿರುವಾಗ ಕಂಡಕ್ಟರು ಮುಂದೆ ಸರಿಯಿರಿ ಎಂದು ಕೂಗಿದ. ಅವನು ಕಂಬಿ ಹಿಡಿದುಕೊಂಡು ಮುಂದೆ ಸರಿದ.